ಹಿತ್ತಲಿಗೆ ಹಲಸೋ, ಬದನೆಯೋ?

ಮನೆ ಕಟ್ಟಿ ಮುಗಿಸಿದವರಿಗೆ ಎಲ್ಲಕ್ಕಿಂತ ಕೊನೆಗೆ ನೆನಪಾಗುವುದು ಹಿತ್ತಲು. ಟೈಲ್ಸು, ಬಣ್ಣ, ಗೇಟು, ಗೃಹಪ್ರವೇಶದ ಊಟ ಎಲ್ಲ ಮುಗಿದು, ಶಾಮಿಯಾನದವರು ಕಂಬ ಕಿತ್ತುಕೊಂಡು ಹೋದ ಮೇಲೆ, ಹಿಂದುಗಡೆ ಜಲ್ಲಿಯೂ ಒಡೆದ ಇಟ್ಟಿಗೆಯೂ ಬಿದ್ದಿರುವ ಒಂದು ತುಂಡು ನೆಲ ಕಣ್ಣಿಗೆ ಬೀಳುತ್ತದೆ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯಂಥ ಊರುಗಳ ಹೊಸ ಬಡಾವಣೆಗಳಲ್ಲಿ ಇನ್ನೂ ಇಂಥ ತುಂಡು ನೆಲ ಉಳಿಯುತ್ತದೆ ಎಂಬುದು ನನಗೆ ದೊಡ್ಡ ಸಮಾಧಾನ. ಆಗ ಮನೆಯೊಳಗೆ ಚರ್ಚೆ ಶುರುವಾಗುತ್ತದೆ. ಹಿರಿಯರು ಒಂದು ಹಲಸು ಇರಲಿ ಎನ್ನುತ್ತಾರೆ. ಅಷ್ಟು ವರ್ಷ ಕಾಯುವವರು ಯಾರು, ನಾಲ್ಕು ಬದನೆ ಗಿಡ ಹಾಕೋಣ ಎಂದು ಕಿರಿಯರು ಹೇಳುತ್ತಾರೆ. ನಮ್ಮ ಬೀದಿಗೆ ಹೊಸದಾಗಿ ಬಂದ ಹುಡುಗಿಯೊಬ್ಬಳು ಈ ಚರ್ಚೆಯನ್ನು ನನ್ನ ಹತ್ತಿರ ತಂದಳು. "ಅಕ್ಕಾ, ನಿಮ್ಮನೇಲಿ ಎರಡೂ ಇದೆ. ನೀವೇ ಹೇಳಿ, ಯಾವುದು ಹಾಕ್ಲಿ?" ಗೇಟಿನ ಹತ್ತಿರ ನಿಂತು ಅವಳಿಗೆ ಹೇಳಿದ್ದು ಎರಡು ಮಾತು. ಹೇಳಬೇಕಾದದ್ದು ಬಹಳ ಇತ್ತು.

ಮೊದಲಿಗೆ ಒಂದು ಮಾತು. ಎರಡೂ ಈ ನೆಲದವೇ. ಹಲಸು ಪಶ್ಚಿಮ ಘಟ್ಟದ ಕಾಡಿನಿಂದ ಮನೆಯಂಗಳಕ್ಕೆ ಇಳಿದು ಬಂದ ಮರ. ಬದನೆಯನ್ನೂ ನಮ್ಮ ದೇಶದಲ್ಲಿ ಪುರಾತನ ಕಾಲದಿಂದ ಬೆಳೆಯುತ್ತ ಬಂದಿದ್ದಾರೆ. ಆಲೂಗಡ್ಡೆ, ಟೊಮೇಟೊ, ಹಸಿಮೆಣಸಿನಕಾಯಿ ಎಲ್ಲ ಕಡಲು ದಾಟಿ ಬಂದವು. ಅವು ಬರುವುದಕ್ಕೆ ಎಷ್ಟೋ ಮೊದಲೇ ನಮ್ಮ ಅಡುಗೆಮನೆಯಲ್ಲಿ ಹಲಸೂ ಬದನೆಯೂ ಇದ್ದವು. ಇನ್ನೂ ಒಂದು ಸಮಾನ ಗುಣವಿದೆ: ಹಲಸು ಹಣ್ಣಾಗುವ ಮೊದಲು ತರಕಾರಿಯೇ. ಎಳೆಯ ಕಾಯನ್ನು ಕರಾವಳಿಯಲ್ಲಿ ಗುಜ್ಜೆ ಎನ್ನುತ್ತಾರೆ. ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಗುಜ್ಜೆ ಪಲ್ಯ ಆಗದ ಮನೆ ಅಲ್ಲಿ ಅಪರೂಪ. ಹಾಗಾಗಿ ಮರವನ್ನೂ ತರಕಾರಿಯನ್ನೂ ಎದುರುಬದುರು ನಿಲ್ಲಿಸಿದರೆ, ಅಡುಗೆಯವರ ಕಣ್ಣಿಗೆ ಎರಡು ತರಕಾರಿಗಳೇ ಕಾಣುತ್ತವೆ. ಬೇರೆ ಬೇರೆಯಾಗಿರುವುದು ಅವು ನಮ್ಮಿಂದ ಕೇಳುವ ಕೆಲಸ, ಮತ್ತು ಆ ಕೆಲಸ ಕೇಳುವ ಹೊತ್ತು.

ಬದನೆ ದಿನಾ ಕೇಳುತ್ತದೆ. ಸಸಿಮಡಿಯಲ್ಲಿ ಬಿತ್ತಿದ ಬೀಜ ವಾರದಲ್ಲಿ ಮೊಳೆಯುತ್ತದೆ. ನಾಲ್ಕೈದು ವಾರಕ್ಕೆ ನಾಲ್ಕೈದು ಎಲೆ ಬಂದಾಗ ಕಿತ್ತು ನೆಡಬೇಕು. ನೆಟ್ಟ ಎರಡು ತಿಂಗಳಿಗೆ ಸುಮಾರಾಗಿ ಮೊದಲ ಕಾಯಿ ಕೊಯ್ಯಬಹುದು. ಗಿಡದಿಂದ ಗಿಡಕ್ಕೆ ಎರಡೂವರೆ ಅಡಿ ಬಿಡಬೇಕು. ನೀರು ಹದವಾಗಿ ಕೊಡಬೇಕು. ಬುಡದಲ್ಲಿ ನಿಂತರೂ ಕಷ್ಟ, ಒಣಗಿದರೂ ಹೂವು ಉದುರುತ್ತದೆ. ಸಗಣಿ ಬಗ್ಗಡ, ಒಲೆಯ ಬೂದಿ, ಅಕ್ಕಿ ತೊಳೆದ ನೀರು ಎಲ್ಲವನ್ನೂ ಸಂತೋಷದಿಂದ ತೆಗೆದುಕೊಳ್ಳುತ್ತದೆ. ನಾಲ್ಕೈದು ಗಿಡ ಚೆನ್ನಾಗಿ ಬಂದರೆ ಸಣ್ಣ ಸಂಸಾರಕ್ಕೆ ತಿಂಗಳುಗಟ್ಟಲೆ ಬದನೆಕಾಯಿ ಕೊಳ್ಳುವ ಕೆಲಸವಿಲ್ಲ. ಇಳುವರಿ ಇಳಿದ ಮೇಲೆ ಕೊಂಬೆಗಳನ್ನು ಸವರಿ ಗೊಬ್ಬರ ಕೊಟ್ಟರೆ ಅದೇ ಗಿಡ ಮತ್ತೆ ಚಿಗುರಿ ಇನ್ನೊಂದು ಸುತ್ತು ಕಾಯಿ ಬಿಡುತ್ತದೆ.

ಬದನೆಯ ಹೂವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ನೇರಳೆ ಬಣ್ಣದ ಐದು ಎಸಳು, ನಡುವೆ ಹಳದಿ ಕೇಸರಗಳು ಒತ್ತಾಗಿ ಕೂಡಿ ಮಾಡಿದ ಒಂದು ಪುಟ್ಟ ಶಂಕು. ಹೂವು ನೆಲದ ಕಡೆಗೆ ಬಾಗಿರುತ್ತದೆ. ಪರಾಗ ಹೊರಗೆ ಕಾಣುವುದಿಲ್ಲ. ಕೇಸರದ ತುದಿಯಲ್ಲಿ ಸಣ್ಣ ರಂಧ್ರಗಳಿವೆ, ಅಲುಗಾಡಿಸಿದರೆ ಮಾತ್ರ ಅಲ್ಲಿಂದ ಉದುರುತ್ತದೆ. ಜೇನುಹುಳುವಿಗೆ ಈ ಅಲುಗಾಟ ಗೊತ್ತಿಲ್ಲ. ಮರದಲ್ಲಿ ತೂತು ಕೊರೆದು ಮನೆ ಮಾಡುವ ಆ ದೊಡ್ಡ ಕರಿ ದುಂಬಿಗೆ ಗೊತ್ತು. ಬೆಳಗಿನ ಎಳೆ ಬಿಸಿಲಿಗೆ ಅದು ಬರುತ್ತದೆ, ಹೂವಿಗೆ ಜೋತುಬೀಳುತ್ತದೆ, ರೆಕ್ಕೆ ನಿಲ್ಲಿಸಿ ಮೈಯನ್ನೇ ನಡುಗಿಸುತ್ತದೆ. ಹಾರುವಾಗಿನ ಗುಂಯ್ ಶಬ್ದ ಹೂವಿನ ಮೇಲೆ ಕೂತ ಕ್ಷಣ ಏರುದನಿಗೆ ಹೋಗುತ್ತದೆ. ಆ ನಡುಕಕ್ಕೆ ಪರಾಗ ಉದುರಿ ಅದರ ಹೊಟ್ಟೆಗೆಲ್ಲ ಮೆತ್ತಿಕೊಳ್ಳುತ್ತದೆ. ಇನ್ನೊಂದು ವಿಷಯ: ಒಂದೇ ಗಿಡದಲ್ಲಿ ಕೆಲವು ಹೂಗಳ ಶಲಾಕೆ ಉದ್ದವಾಗಿ ಹಳದಿ ಶಂಕುವಿನಾಚೆ ಹಸಿರು ತುದಿ ಚಾಚಿರುತ್ತದೆ, ಕೆಲವುಗಳದ್ದು ಗಿಡ್ಡವಾಗಿ ಒಳಗೇ ಅಡಗಿರುತ್ತದೆ. ಉದ್ದ ಶಲಾಕೆಯವು ಕಾಯಿ ಕಟ್ಟುತ್ತವೆ, ಗಿಡ್ಡದವು ಬಹುಮಟ್ಟಿಗೆ ಉದುರಿಹೋಗುತ್ತವೆ. ಹೂವೆಲ್ಲ ಬಿದ್ದುಹೋಯಿತು ಎಂದು ಕಂಗಾಲಾಗುವವರು ಈ ವ್ಯತ್ಯಾಸ ತಿಳಿದುಕೊಂಡರೆ ಅರ್ಧ ಚಿಂತೆ ಇಳಿಯುತ್ತದೆ.

ಉಳಿದ ಅರ್ಧ ಚಿಂತೆ ಹುಳುವಿನದ್ದು. ಕಾಯಿ ಮತ್ತು ಕುಡಿ ಕೊರಕ ಎಂದು ಅದರ ಹೆಸರು. ಮಧ್ಯಾಹ್ನದ ಹೊತ್ತಿಗೆ ಗಿಡದ ಒಂದೇ ಒಂದು ಕುಡಿ ಬಾಡಿ ಬಾಗಿದ್ದರೆ, ಬಿಸಿಲಿಗೆ ಬಾಡಿರಬೇಕು ಎಂದು ಸುಮ್ಮನಿರಬಾರದು. ಬಾಗಿದ ಜಾಗಕ್ಕಿಂತ ಒಂದಿಷ್ಟು ಕೆಳಗೆ ಚಿವುಟಿ ಸೀಳಿ ನೋಡಿದರೆ ಒಳಗೆ ನಸುಗೆಂಪು ಬಣ್ಣದ ಹುಳು ಸಿಗುತ್ತದೆ. ಆ ಕುಡಿಯನ್ನು ಅಲ್ಲೇ ಬಿಸಾಡದೆ ಸುಟ್ಟುಹಾಕಬೇಕು ಅಥವಾ ಸಾಬೂನು ನೀರಿಗೆ ಹಾಕಬೇಕು. ಕುಡಿಯಲ್ಲಿ ಹಿಡಿಯದೆ ಬಿಟ್ಟರೆ ಮುಂದಿನ ತಲೆಮಾರು ಕಾಯಿಗೆ ಹೊಗುತ್ತದೆ. ಹೊಲದವರಿಗೆ ಈ ಕೊರಕ ದೊಡ್ಡ ಶತ್ರು. ಬದನೆಗೆ ವಿಪರೀತ ಔಷಧಿ ಬೀಳುವುದೂ ಇದರಿಂದಲೇ. ಈ ಹುಳುವನ್ನು ತಡೆಯಲೆಂದೇ ಕುಲಾಂತರಿ ಬಿಟಿ ಬದನೆ ಮಾಡಿದರು. ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಕರ್ನಾಟಕದ ಕೆಲವು ನಾಟಿ ತಳಿಗಳೊಂದಿಗೆ ಆ ಕೆಲಸದಲ್ಲಿತ್ತು. ಊರೂರುಗಳಲ್ಲಿ ಸಾರ್ವಜನಿಕ ಸಭೆ ನಡೆದು, ಬೆಂಗಳೂರಿನಲ್ಲೂ ನಡೆದು, 2010ರ ಫೆಬ್ರವರಿಯಲ್ಲಿ ಅಂದಿನ ಪರಿಸರ ಸಚಿವ ಜೈರಾಮ್ ರಮೇಶ್ ಅದಕ್ಕೆ ತಡೆ ಹಾಕಿದರು. ಹಿತ್ತಲಿನ ಐದಾರು ಗಿಡಕ್ಕೆ ಇಷ್ಟೆಲ್ಲ ದೊಡ್ಡ ಮಾತು ಬೇಡ. ದಿನಾ ಒಂದು ಸುತ್ತು ಹಾಕುವ ಕಣ್ಣೂ ಚಿವುಟುವ ಬೆರಳೂ ಸಾಕು. ಮನೆಯಲ್ಲೇ ಬೆಳೆದ ಬದನೆಯ ನಿಜವಾದ ಲಾಭ ಇದು: ಔಷಧಿ ಹೊಡೆಯದ ಕಾಯಿ ಮಕ್ಕಳ ಬಾಯಿಗೆ ಹೋಗುತ್ತದೆ.

ಹಲಸಿನ ಲೆಕ್ಕವೇ ಬೇರೆ. ಅದು ಮೊದಲ ಎರಡು ಮೂರು ವರ್ಷ ಕೇಳುತ್ತದೆ, ಆಮೇಲೆ ಏನನ್ನೂ ಕೇಳುವುದಿಲ್ಲ. ಮೊದಲ ಎರಡು ಬೇಸಿಗೆ ನೀರು ಕೊಡಬೇಕು. ದನ, ಆಡು ಬಾಯಿ ಹಾಕದಂತೆ ಬೇಲಿ ಕಟ್ಟಬೇಕು, ಏಕೆಂದರೆ ಹಲಸಿನ ಸೊಪ್ಪು ಆಡಿಗೆ ಬಹಳ ಇಷ್ಟ. ನೀರು ನಿಲ್ಲುವ ಜಾಗದಲ್ಲಿ ಮಾತ್ರ ನೆಡಬಾರದು. ಬೇರು ಕೊಳೆತು ಮರ ಸಾಯುತ್ತದೆ. ಅಷ್ಟು ನೋಡಿಕೊಂಡರೆ ಮುಂದೆ ಅದು ತನ್ನ ಪಾಡಿಗೆ ತಾನು ಬೆಳೆಯುತ್ತದೆ. ಬೀಜದ ಸಸಿ ಫಲ ಬಿಡಲು ಏಳೆಂಟು ವರ್ಷ, ಕಸಿ ಗಿಡಕ್ಕೆ ಮೂರರಿಂದ ಐದು ವರ್ಷ. ಕೇಳುವಾಗ ಇದು ದೀರ್ಘ ಅನ್ನಿಸುತ್ತದೆ. ಆದರೆ ಮಗು ಒಂದನೇ ತರಗತಿಗೆ ಸೇರಿದ ವರ್ಷ ಬೀಜ ಹಾಕಿದರೆ, ಅದು ಹೈಸ್ಕೂಲು ಮೆಟ್ಟಿಲು ಹತ್ತುವ ಹೊತ್ತಿಗೆ ಮನೆಯಲ್ಲಿ ಗುಜ್ಜೆ ಇರುತ್ತದೆ. ಮನೆ ಸಾಲದ ಕಂತು ಇದಕ್ಕಿಂತ ಎಷ್ಟೋ ಉದ್ದ ಇರುತ್ತದೆ, ಅದನ್ನು ದೀರ್ಘ ಎಂದು ಯಾರೂ ಬಿಟ್ಟಿಲ್ಲ.

ಹಲಸನ್ನು ನಿತ್ಯಹಸಿರಿನ ಮರ ಎನ್ನುತ್ತೇವೆ. ಎಲೆ ಉದುರುವುದೇ ಇಲ್ಲ ಎಂದು ಇದರ ಅರ್ಥವಲ್ಲ. ತೇಗ, ಬೂರುಗಗಳು ಒಂದೇ ಕಾಲದಲ್ಲಿ ಎಲ್ಲ ಎಲೆ ಕಳಚಿ ಬೋಳಾಗಿ ನಿಲ್ಲುತ್ತವೆ. ಹಲಸು ವರ್ಷವಿಡೀ ಸ್ವಲ್ಪ ಸ್ವಲ್ಪ ಉದುರಿಸುತ್ತ, ಸ್ವಲ್ಪ ಸ್ವಲ್ಪ ಚಿಗುರುತ್ತ ಇರುತ್ತದೆ. ಬೆಳಗ್ಗೆ ಎದ್ದರೆ ಅಂಗಳದಲ್ಲಿ ಹಳದಿ, ಕಿತ್ತಳೆ ಬಣ್ಣದ ದಪ್ಪ ಎಲೆಗಳು ಬಿದ್ದಿರುತ್ತವೆ. ಗುಡಿಸುವ ಕೆಲಸ ತಪ್ಪಿದ್ದಲ್ಲ ಎಂದು ಕೆಲವರಿಗೆ ಬೇಸರ. ನನಗೆ ಆ ದರಗು ಹಿತ್ತಲಿನ ಆಸ್ತಿ. ಹಲಸಿನ ಎಲೆ ದಪ್ಪ, ಬೇಗ ಕರಗುವುದಿಲ್ಲ. ಹಾಗಾಗಿ ಬದನೆ ಪಾತಿಗೆ ಹೊದಿಸಲು ಅದರಷ್ಟು ಒಳ್ಳೆಯದು ಬೇರೊಂದಿಲ್ಲ. ಬೇಸಿಗೆಯಲ್ಲಿ ಪಾತಿಯ ತೇವ ಉಳಿಯುತ್ತದೆ, ಕಳೆ ಏಳುವುದಿಲ್ಲ, ಮಳೆಗಾಲದಲ್ಲಿ ಮಣ್ಣು ಸಿಡಿದು ಕಾಯಿಗೆ ಮೆತ್ತುವುದಿಲ್ಲ, ವರ್ಷ ಕಳೆಯುವಷ್ಟರಲ್ಲಿ ಅದೇ ಗೊಬ್ಬರವಾಗುತ್ತದೆ. ಹಸಿರು ಎಲೆಗೂ ಕೆಲಸವಿದೆ. ನಾಲ್ಕು ಎಲೆ ಕೂಡಿಸಿ ಕಡ್ಡಿ ಚುಚ್ಚಿ ಕೊಟ್ಟೆ ಕಟ್ಟಿ, ಅದರಲ್ಲಿ ಹಿಟ್ಟು ಹುಯ್ದು ಹಬೆಯಲ್ಲಿ ಬೇಯಿಸಿದ ಕಡುಬಿನ ಪರಿಮಳ ಯಾವ ಇಡ್ಲಿ ತಟ್ಟೆಯಲ್ಲೂ ಬರುವುದಿಲ್ಲ. ಕರಾವಳಿಯವರು ಅಷ್ಟಮಿಗೂ ಚೌತಿಗೂ ಈ ಎಲೆಗಾಗಿ ಬೇರೆಯವರ ಹಿತ್ತಲಿಗೆ ಬರುತ್ತಾರೆ. ಕೊಡುವವರ ಮನೆಗೂ ಅದು ಹಬ್ಬವೇ.

ಮರ ಹೂ ಬಿಡುವುದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ಕಾಂಡದ ಮೇಲೆ, ದಪ್ಪ ಕೊಂಬೆಗಳ ಮೇಲೆ ಚಳಿಗಾಲದಲ್ಲಿ ಸಣ್ಣ ಸಣ್ಣ ಮಿಡಿಗಳು ಏಳುತ್ತವೆ. ಅವುಗಳಲ್ಲಿ ಗಂಡು ಗೊಂಚಲೂ ಇದೆ, ಹೆಣ್ಣೂ ಇದೆ. ಗಂಡಿನ ಮೈ ನುಣುಪು, ತೊಟ್ಟು ಸಪೂರ; ಪರಾಗ ಚೆಲ್ಲಿದ ಮೇಲೆ ಕಪ್ಪಾಗಿ ಬೂಷ್ಟು ಹಿಡಿದು ಉದುರುತ್ತದೆ. ಹೆಣ್ಣಿನ ತೊಟ್ಟು ದಪ್ಪ, ಬುಡದಲ್ಲಿ ಒಂದು ಉಂಗುರ ಇರುತ್ತದೆ, ಮೈ ಒರಟು. ಮೊದಲ ಸಲ ಮಿಡಿ ಕಂಡವರು ಕಪ್ಪಾಗಿ ಬಿದ್ದದ್ದನ್ನು ನೋಡಿ ಮರಕ್ಕೆ ರೋಗ ಬಂತು ಎಂದು ಹೆದರುತ್ತಾರೆ. ಹೆದರಬೇಕಾಗಿಲ್ಲ, ಬಿದ್ದದ್ದು ಗಂಡು. ಉಳಿದ ಹೆಣ್ಣು ಗೊಂಚಲು ಮುಂದೆ ಇಡೀ ಹಣ್ಣಾಗುತ್ತದೆ. ಅದು ಒಂದು ಹೂವಿನ ಹಣ್ಣಲ್ಲ. ನೂರಾರು ಹೂಗಳು ಒಟ್ಟಾಗಿ ಕಟ್ಟಿದ್ದು. ಹೊರಗಿನ ಒಂದೊಂದು ಮುಳ್ಳಿಗೂ ಒಂದೊಂದು ಹೂವು. ಕಾಯಿಕಟ್ಟಿದ ಹೂವು ತೊಳೆಯಾಗುತ್ತದೆ, ಕಟ್ಟದೆ ಉಳಿದದ್ದು ಸಾರೆಯಾಗುತ್ತದೆ. ಹಣ್ಣು ಬಿಡಿಸುವಾಗ ಮಕ್ಕಳಿಗೆ ಇದನ್ನು ಕೈಯಲ್ಲಿಟ್ಟು ತೋರಿಸಿದರೆ ಸಸ್ಯಶಾಸ್ತ್ರದ ಒಂದು ಪಾಠ ಅಲ್ಲೇ ಮುಗಿಯುತ್ತದೆ. ಪುಸ್ತಕದ ಬದನೆಕಾಯಿಗೆ ಆ ರುಚಿ ಇಲ್ಲ.

ಈಗ ಬೀಜದ ವಿಷಯಕ್ಕೆ ಬರುತ್ತೇನೆ. ನಾನು ಹೇಳಬೇಕೆಂದಿರುವ ಮುಖ್ಯ ಮಾತು ಅದರಲ್ಲೇ ಇದೆ. ಹಲಸು ನಿಧಾನದ ಮರ, ಬದನೆ ಅವಸರದ ಗಿಡ ಎಂದುಕೊಳ್ಳುತ್ತೇವೆ. ಬೀಜದ ಮಟ್ಟಿಗೆ ಇದು ತಿರುವುಮುರುವು. ಬದನೆಯ ಬೀಜ ಕಾಯುತ್ತದೆ. ಗಿಡದಲ್ಲೇ ಹಳದಿಯಾಗಿ ಬಲಿತ ಕಾಯಿಯಿಂದ ತೆಗೆದು, ತೊಳೆದು, ನೆರಳಲ್ಲಿ ಒಣಗಿಸಿ, ಬೂದಿಯ ಜತೆ ಡಬ್ಬಿಯಲ್ಲಿ ಹಾಕಿಟ್ಟರೆ ಮುಂದಿನ ವರ್ಷವೂ ಮೊಳೆಯುತ್ತದೆ, ಅದರ ಮುಂದಿನ ವರ್ಷವೂ ಮೊಳೆಯುತ್ತದೆ. ಹಲಸಿನ ಬೀಜ ಕಾಯುವುದಿಲ್ಲ. ಒಣಗಿತೆಂದರೆ ಸತ್ತಿತು. ಹಣ್ಣಿನಿಂದ ತೆಗೆದ ವಾರದೊಳಗೆ ಮಣ್ಣು ಸೇರಿದರೆ ಚೆನ್ನ. ತಿಂಗಳು ಕಳೆದರೆ ಮೊಳಕೆಯ ಆಸೆ ಬಿಡಬೇಕು. ಮೊಳೆತ ಮೇಲೂ ಅದರ ತಾಯಿಬೇರು ನೇರ ಕೆಳಕ್ಕಿಳಿಯುವ ಆತುರದಲ್ಲಿರುತ್ತದೆ. ಚೀಲದಲ್ಲಿ ಬಹಳ ದಿನ ಇಟ್ಟರೆ ಬೇರು ಸುತ್ತಿಕೊಳ್ಳುತ್ತದೆ, ಆಮೇಲೆ ಕಿತ್ತು ನೆಟ್ಟರೆ ಮುನಿಸಿಕೊಳ್ಳುತ್ತದೆ. ಆದ್ದರಿಂದಲೇ ಹಿಂದಿನವರು ಮರ ಎಲ್ಲಿ ನಿಲ್ಲಬೇಕೋ ಅಲ್ಲೇ ಬೀಜ ಊರುತ್ತಿದ್ದರು. ಬದನೆಯನ್ನು ನಾಳೆ ಹಾಕೋಣ ಎಂದರೆ ನಡೆಯುತ್ತದೆ. ಹಲಸನ್ನು ನಾಳೆಗೆ ಬಿಟ್ಟರೆ ಬೀಜ ಸಾರಿಗೆ ಹೋಗುತ್ತದೆ, ಮತ್ತೆ ಮುಂದಿನ ಮಳೆಗಾಲವೇ ಗತಿ. ಮುಂದೂಡಲು ಬಾರದ್ದನ್ನು ಮುಂದೂಡುತ್ತೇವೆ, ಮುಂದೂಡಬಹುದಾದದ್ದನ್ನು ಇವತ್ತೇ ಮಾಡುತ್ತೇವೆ. ಊರಿನಲ್ಲಿ ಬದನೆ ಗಿಡ ಹೆಚ್ಚಿ ಹಲಸಿನ ಮರ ಕಡಿಮೆಯಾಗಲು ಇದೂ ಒಂದು ಕಾರಣ ಎಂದು ನಾನು ನಂಬಿದ್ದೇನೆ.

ಬೀಜದಲ್ಲಿ ಇನ್ನೊಂದು ಭೇದವಿದೆ. ಬದನೆ ಬಹುಮಟ್ಟಿಗೆ ತನ್ನ ಹೂವಿನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಸುತ್ತಮುತ್ತ ಬೇರೆ ತಳಿ ಇಲ್ಲದಂತೆ ನೋಡಿಕೊಂಡರೆ ಅಜ್ಜಿಯ ಕಾಲದ ರುಚಿ ಮೊಮ್ಮಗಳ ಕಾಲಕ್ಕೂ ಹಾಗೇ ಬರುತ್ತದೆ. ಉಡುಪಿ ಹತ್ತಿರ ಕಟಪಾಡಿಯ ಪಕ್ಕದ ಮಟ್ಟು ಗ್ರಾಮದ ಗುಳ್ಳ ಬದನೆ ಇದಕ್ಕೆ ಸಾಕ್ಷಿ. ಹದಿನಾರನೆಯ ಶತಮಾನದಲ್ಲಿ ಸೋದೆ ಮಠದ ವಾದಿರಾಜರು ಕೊಟ್ಟ ಬೀಜದಿಂದ ಅದು ಬಂತೆಂದು ಊರಿನ ಐತಿಹ್ಯ. ತಿಳಿಹಸಿರು ಬಣ್ಣ, ದುಂಡು ಆಕಾರ, ತೆಳು ಸಿಪ್ಪೆ, ಬೆಂದರೆ ಬೆಣ್ಣೆ. ಮಟ್ಟುವಿನ ರೈತರು ಇವತ್ತಿಗೂ ಕೃಷ್ಣಮಠಕ್ಕೆ ಗುಳ್ಳ ಒಪ್ಪಿಸುತ್ತಾರೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿ ಮಾನ್ಯತೆ ಸಿಕ್ಕಿತು. ಮೈಸೂರಿನ ವಾಂಗಿಬಾತಿಗೆ ಈರನಗೆರೆ ಬದನೆ, ಉತ್ತರ ಕರ್ನಾಟಕದ ಎಣ್ಣೆಗಾಯಿಗೆ ತೊಟ್ಟಿನಲ್ಲಿ ಮುಳ್ಳಿರುವ ಪುಟ್ಟ ಮುಳಗಾಯಿ, ಉಡುಪಿಯ ಹುಳಿಗೆ ಗುಳ್ಳ. ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿದರೆ ಅಡುಗೆ ಆಗುತ್ತದೆ, ಆ ಊರಿನ ಅಡುಗೆ ಆಗುವುದಿಲ್ಲ. ಇವೆಲ್ಲ ಉಳಿದು ಬಂದದ್ದು ಯಾರೋ ಒಬ್ಬರು ಪ್ರತಿವರ್ಷ ಒಂದು ಒಳ್ಳೆಯ ಕಾಯನ್ನು ಕೊಯ್ಯದೆ ಬೀಜಕ್ಕೆ ಬಿಟ್ಟದ್ದರಿಂದ.

ಹಲಸು ಹಾಗಲ್ಲ. ಅದರ ಬೀಜ ಬಹುಮಟ್ಟಿಗೆ ಬೇರೆ ಮರದ ಪರಾಗ ಸೇರಿ ಆದದ್ದು. ಗಟ್ಟಿ ತೊಳೆಯ, ಜೇನಿನಂಥ ಬಕ್ಕೆ ಹಲಸಿನ ಬೀಜ ಹಾಕಿದರೆ ಬಕ್ಕೆಯೇ ಬರುತ್ತದೆ ಎನ್ನುವಂತಿಲ್ಲ; ಕೈಗೆ ಮೆತ್ತಿಕೊಳ್ಳುವ ಅಂಬಲಿ ಹಲಸೂ ಬರಬಹುದು, ಹಪ್ಪಳಕ್ಕೇ ಹುಟ್ಟಿದ ಮರವೂ ಆಗಬಹುದು. ಹೀಗಾಗಿ ಮಲೆನಾಡಿನ ಮನೆಗಳಲ್ಲಿ ಪ್ರತಿ ಮರಕ್ಕೂ ಅದರದ್ದೇ ಹೆಸರು: ಕೊಟ್ಟಿಗೆ ಮರ, ಬಾವಿಕಟ್ಟೆ ಬಕ್ಕೆ, ಕೆಂಪು ತೊಳೆ ಮರ. ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿ ಒಬ್ಬ ರೈತರ ಜಮೀನಿನಲ್ಲಿ ಇಂಥದೇ ಒಂದು ಬೀಜದ ಮರ ತಾಮ್ರಗೆಂಪು ತೊಳೆಯ, ಎರಡು ಮೂರು ಕಿಲೋ ತೂಗುವ ಸಣ್ಣ ಹಣ್ಣು ಬಿಟ್ಟಿತು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅದನ್ನು ಗುರುತಿಸಿತು. ಅದೇ ಸಿದ್ದು ಹಲಸು. ಕಸಿ ಸಸಿ ಮಾರಿದ ಹಣದಲ್ಲಿ ದೊಡ್ಡ ಪಾಲು ಆ ರೈತರಿಗೇ ಹೋಗುವಂತೆ ಒಪ್ಪಂದವಾಯಿತು. ಅಂಥ ಮರವನ್ನು ಉಳಿಸಬೇಕಾದರೆ ಕಸಿಯೊಂದೇ ದಾರಿ; ಅಂಥ ಇನ್ನೊಂದು ಮರ ಹುಟ್ಟಬೇಕಾದರೆ ಬೀಜವೊಂದೇ ದಾರಿ. ಬದನೆ ಬೆಳೆದವರು ಹಳೆಯದನ್ನು ಕಾಪಾಡುತ್ತಾರೆ, ಹಲಸಿನ ಬೀಜ ಊರಿದವರು ಹಿಂದೆ ಇಲ್ಲದ ಒಂದನ್ನು ಭೂಮಿಗೆ ತರುತ್ತಾರೆ. ಎರಡೂ ದೊಡ್ಡ ಕೆಲಸವೇ.

ಹಣ್ಣಿನ ಕಾಲ ಬಂದಾಗ ಹಲಸಿನ ಮನೆಯ ಸ್ವಭಾವವೇ ಬದಲಾಗುತ್ತದೆ. ಬದನೆ ಕೊಯ್ಯಲು ಒಬ್ಬರು ಸಾಕು, ಒಂದು ಬುಟ್ಟಿ ಸಾಕು. ಹಲಸಿಗೆ ಜನ ಬೇಕು. ಒಬ್ಬರು ಮರ ಹತ್ತಿ ಕತ್ತಿಯ ಬೆನ್ನಿನಿಂದ ಬಡಿದು ನೋಡುತ್ತಾರೆ. ಎಳೆಯದಾದರೆ ಶಬ್ದ ಗಟ್ಟಿ, ಬಲಿತದ್ದಾದರೆ ಡಬ್ ಡಬ್ ಎಂದು ಟೊಳ್ಳು ದನಿ. ಮುಳ್ಳುಗಳ ನಡುವೆ ಅಂತರ ಅಗಲವಾಗಿರಬೇಕು. ಆಮೇಲೆ ತೊಟ್ಟಿಗೆ ಹಗ್ಗ ಬಿಗಿದು, ಕೊಂಬೆಗೆ ಒಂದು ಸುತ್ತು ಹಾಕಿ, ಕತ್ತರಿಸಿ, ನಿಧಾನ ಇಳಿಬಿಡುತ್ತಾರೆ. ಕೆಳಗೆ ಗೋಣಿಚೀಲ ಹಾಸಿಕೊಂಡು ಇನ್ನೊಬ್ಬರು ನಿಂತಿರುತ್ತಾರೆ. ಹತ್ತು ಹನ್ನೆರಡು ಕಿಲೋದ ಒಂದು ಹಣ್ಣನ್ನು ಮೂರು ಜನರ ಸಂಸಾರ ತಿಂದು ಮುಗಿಸುವುದುಂಟೇ? ಕೊಯ್ದ ದಿನ ಬೀದಿಯ ನಾಲ್ಕು ಮನೆಗೆ ಪಾತ್ರೆ ಹೋಗಲೇಬೇಕು. ಹಸಿದು ಹಲಸು, ಉಂಡು ಮಾವು ಎನ್ನುವ ಗಾದೆಯ ಪ್ರಕಾರ ಊಟಕ್ಕೆ ಮೊದಲೇ ಎಲ್ಲರೂ ಜಗುಲಿಯಲ್ಲಿ ಕೂರುತ್ತಾರೆ. ಹೆಚ್ಚಿದ್ದು ಹಪ್ಪಳವಾಗುತ್ತದೆ, ಹಪ್ಪಳ ಒತ್ತಲೂ ನಾಲ್ಕು ಕೈ ಬೇಕು. ಬಲಿತ ಕಾಯಿಯ ತೊಳೆ ಉಪ್ಪಿನಲ್ಲಿ ಕೂತು ಉಪ್ಪುಸೊಳೆಯಾಗಿ, ತರಕಾರಿ ಸಿಗದ ಆಷಾಢದ ಜಡಿಮಳೆಗೆ ಪಲ್ಯವಾಗುತ್ತದೆ. ಹಿಂದೆ ಬತ್ತದ ಕಣಜ ಬರಿದಾಗುವ ಆ ತಿಂಗಳುಗಳಲ್ಲಿ ಎಷ್ಟೋ ಮನೆಗಳ ಹೊಟ್ಟೆ ತುಂಬಿಸಿದ್ದು ಹಲಸು. ಸಾರೆಯೂ ಗೂಂಜೂ ಸಿಪ್ಪೆಯೂ ಕೊಟ್ಟಿಗೆಗೆ ಹೋಗುತ್ತವೆ. ಪುತ್ತೂರಿನ ಅಡಿಕೆ ಪತ್ರಿಕೆಯಲ್ಲಿ ಶ್ರೀ ಪಡ್ರೆಯವರು ವರ್ಷಗಟ್ಟಲೆ ಹಲಸಿನ ಬಗ್ಗೆ ಬರೆದು, ಕೊಳೆತುಹೋಗುತ್ತಿದ್ದ ಹಣ್ಣಿಗೆ ಮತ್ತೆ ಮರ್ಯಾದೆ ತಂದರು. ನೆರೆಯ ಕೇರಳ 2018ರಲ್ಲಿ ಅದನ್ನು ರಾಜ್ಯದ ಹಣ್ಣು ಎಂದು ಘೋಷಿಸಿತು.

ಅಡುಗೆಮನೆಯಲ್ಲಿ ಇವೆರಡರ ಉಪಚಾರ ನೋಡಲು ಚೆಂದ. ಹಲಸು ಹೆಚ್ಚುವ ಮೊದಲು ಕೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಸವರಿಕೊಳ್ಳಬೇಕು, ಇಲ್ಲದಿದ್ದರೆ ಮೇಣ ಅಂಟಿ ನೀರಿಗೂ ಹೋಗುವುದಿಲ್ಲ, ಸೋಪಿಗೂ ಹೋಗುವುದಿಲ್ಲ. ಬದನೆ ಹೆಚ್ಚಿದ ಕೂಡಲೇ ನೀರಿಗೆ ಹಾಕಬೇಕು, ಗಾಳಿ ತಾಗಿದರೆ ಹೋಳು ಕಪ್ಪಾಗುತ್ತದೆ. ಒಂದಕ್ಕೆ ಎಣ್ಣೆ, ಇನ್ನೊಂದಕ್ಕೆ ನೀರು. ಕೊನೆಗೆ ಎರಡೂ ಒಂದೇ ಪಾತ್ರೆಯಲ್ಲಿ ಸೇರುತ್ತವೆ: ಹಲಸಿನ ಬೀಜವನ್ನು ಜಜ್ಜಿ ಹೊರಸಿಪ್ಪೆ ತೆಗೆದು, ಬೇಯಿಸಿ, ಬದನೆ ಹೋಳಿನ ಜತೆ ಮಾಡಿದ ಹುಳಿ. ಬೀಜದ ಹಿಟ್ಟುತನವೂ ಬದನೆಯ ಮೆದುವೂ ಕೂಡಿದ ಆ ಹುಳಿಯನ್ನು ಮಳೆಗಾಲದ ಮಧ್ಯಾಹ್ನ ಬಿಸಿ ಅನ್ನಕ್ಕೆ ಕಲೆಸಿಕೊಂಡು ಉಂಡವರಿಗೆ, ಎರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಿ ಎಂದರೆ ಒಪ್ಪಿಗೆಯಾಗುವುದಿಲ್ಲ.

ಆದರೆ ಜಾಗ ಎಲ್ಲರಿಗೂ ಸಮನಾಗಿಲ್ಲ, ಕಷ್ಟಗಳೂ ಇವೆ. ಹಲಸು ಗೋಡೆಯಿಂದ ಇಪ್ಪತ್ತು ಇಪ್ಪತ್ತೈದು ಅಡಿಯಾದರೂ ದೂರ ಇರಬೇಕು. ಹೆಂಚಿನ ಮಾಡಿನ ಮೇಲೆ, ಕಾರು ನಿಲ್ಲಿಸುವ ಜಾಗದ ಮೇಲೆ ಕೊಂಬೆ ಚಾಚಬಾರದು. ಬೀಳುವುದು ಎಲೆಯಷ್ಟೇ ಅಲ್ಲ. ಕೊಡಗು, ಸಕಲೇಶಪುರದ ಕಡೆ ಹಣ್ಣಿನ ವಾಸನೆಗೆ ಕಾಡಾನೆ ಅಂಗಳಕ್ಕೆ ಬರುತ್ತದೆ. ಅಲ್ಲಿ ಎಳೆಗಾಯಿ ಇರುವಾಗಲೇ ಕೊಯ್ದುಬಿಡುವವರು ಇದ್ದಾರೆ. ಮಂಗಗಳಂತೂ ಎಲ್ಲ ಕಡೆ. ಪಟ್ಟಣದಲ್ಲಿ ಮರ ನೆಡಲು ಯಾರ ಅಪ್ಪಣೆಯೂ ಬೇಡ, ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ವೃಕ್ಷಾಧಿಕಾರಿಯ ಅನುಮತಿ ಬೇಕಾಗುತ್ತದೆ. ಅದಕ್ಕಾಗಿ ಜಾಗವನ್ನು ಮೊದಲೇ ಯೋಚಿಸಿ ಆರಿಸಬೇಕು. ಜಾಗ ಚಿಕ್ಕದಾದರೆ ಕಸಿ ಗಿಡ ತಂದು ವರ್ಷವರ್ಷ ಸವರಿ ಕುಳ್ಳಾಗಿಟ್ಟುಕೊಳ್ಳಬಹುದು. ಬದನೆಗೂ ತೊಂದರೆ ಇದೆ. ಹೆಚ್ಚು ಮಳೆಯ ಹುಳಿಮಣ್ಣಿನಲ್ಲಿ ಸೊರಗು ರೋಗ ಬಂದು, ನಿನ್ನೆ ಚೆನ್ನಾಗಿದ್ದ ಗಿಡ ಇವತ್ತು ಹಸಿರಾಗಿದ್ದ ಹಾಗೇ ಜೋತುಬೀಳುತ್ತದೆ. ಅಂಥ ಕಡೆ ಅರ್ಕ ಕೇಶವ, ಅರ್ಕ ನಿಧಿ, ಅರ್ಕ ಆನಂದದಂಥ ರೋಗ ತಡೆಯುವ ತಳಿ ಹಾಕಬೇಕು, ಅಥವಾ ಸುಂಡೆಕಾಯಿ ಗಿಡದ ಮೇಲೆ ಕಸಿ ಕಟ್ಟಿದ ಬದನೆ ತರಬೇಕು. ಒಮ್ಮೆ ಬದನೆ, ಟೊಮೇಟೊ, ಮೆಣಸಿನಕಾಯಿ ಬೆಳೆದ ಪಾತಿಯಲ್ಲಿ ಮರುವರ್ಷ ಬೆಂಡೆಯೋ ಅಲಸಂದೆಯೋ ಇರಲಿ.

ಎರಡನ್ನೂ ಬೆಳೆಯಬೇಕೆಂದರೆ ಬಿಸಿಲಿನ ಲೆಕ್ಕ ತಿಳಿದಿರಬೇಕು. ಬದನೆಗೆ ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೇಕು. ಹಲಸಿನ ದಟ್ಟ ನೆರಳಲ್ಲಿ ಅದು ಎಲೆ ಬಿಡುತ್ತದೆ, ಕಾಯಿ ಬಿಡುವುದಿಲ್ಲ. ನಮ್ಮ ಸೀಮೆಯಲ್ಲಿ ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ ದಾಟುವವರೆಗೂ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಬದನೆಗೆ ಒಳ್ಳೆಯ ಕಾಲವೂ ಅದೇ. ಹಲಸನ್ನು ನಿವೇಶನದ ಉತ್ತರದ ಅಂಚಿಗೆ ಹಾಕಿದರೆ ಆ ತಿಂಗಳುಗಳಲ್ಲಿ ಅದರ ನೆರಳು ಆಚೆಗೆ ಬೀಳುತ್ತದೆ, ಪಾತಿಗೆ ಬಿಸಿಲು ಉಳಿಯುತ್ತದೆ. ಆ ಕಡೆ ರಸ್ತೆಯೋ ಖಾಲಿ ಜಾಗವೋ ಇದ್ದರೆ ಪಕ್ಕದ ಮನೆಯವರಿಗೂ ತಕರಾರಿಲ್ಲ. ಮರದ ಬುಡದ ನೆರಳೂ ವ್ಯರ್ಥವಲ್ಲ: ಅರಿಶಿನ, ಶುಂಠಿ, ಕೆಸು ಅಲ್ಲಿ ಬರುತ್ತವೆ, ಕಾಂಡಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿಸಬಹುದು. ಮರ ಚಿಕ್ಕದಿರುವ ಮೊದಲ ಆರೇಳು ವರ್ಷವಂತೂ ಅದರ ಸುತ್ತಲ ನೆಲವೆಲ್ಲ ಬದನೆಗೇ ಸೇರಿದ್ದು. ಬದನೆಗೆ ಹಾಕಿದ ನೀರು, ಗೊಬ್ಬರ ಎಳೆಯ ಹಲಸಿಗೂ ತಲುಪುತ್ತದೆ. ಮರ ದೊಡ್ಡದಾದ ಮೇಲೆ ದರಗು ಉದುರಿಸಿ ಪಾತಿಯ ಋಣ ತೀರಿಸುತ್ತದೆ.

ಆದ್ದರಿಂದ ಆ ಹುಡುಗಿಗೂ, ಅವಳಂತೆ ಹಿತ್ತಲಿಗೆ ಮುಖ ಮಾಡಿ ನಿಂತಿರುವ ಎಲ್ಲರಿಗೂ ನನ್ನ ಮಾತು ಇಷ್ಟು. ಬಾಡಿಗೆ ಮನೆಯಲ್ಲಿದ್ದರೆ, ಇರುವುದು ತಾರಸಿಯೊಂದೇ ಆಗಿದ್ದರೆ, ಬದನೆ ಹಾಕಿ. ಹದಿನೈದು ಅಂಗುಲದ ಚೀಲದಲ್ಲೂ ಅದು ನಿಮ್ಮನ್ನು ನಿರಾಶೆಗೊಳಿಸುವುದಿಲ್ಲ, ಪ್ರತಿವರ್ಷ ಒಂದು ಕಾಯಿಯನ್ನು ಬೀಜಕ್ಕೆ ಬಿಡಿ. ಸ್ವಂತ ನೆಲವಿದ್ದರೆ ಹಲಸಿಗೆ ಮೊದಲ ಗುಂಡಿ ತೆಗೆಯಿರಿ, ಬದನೆಯನ್ನು ಆಮೇಲೆ ಅದರ ಸುತ್ತ ನೆಡಿ. ನೆಲವಿದ್ದೂ ಹಲಸು ಹಾಕದಿದ್ದರೆ ನಷ್ಟ ನಿಮ್ಮ ಮನೆಯೊಂದಕ್ಕಲ್ಲ, ಬೀದಿಗೇ. ಜೂನ್ ತಿಂಗಳಲ್ಲಿ ತಿಂದ ಒಳ್ಳೆಯ ಹಣ್ಣಿನ ದಪ್ಪ ಬೀಜ ನಾಲ್ಕನ್ನು ಅದೇ ವಾರ ಆ ಗುಂಡಿಯಲ್ಲೇ ಊರಿ, ಮೊಳೆತವುಗಳಲ್ಲಿ ಗಟ್ಟಿಯಾದ ಒಂದನ್ನು ಉಳಿಸಿಕೊಳ್ಳಿ.